ಅಜ್ಜ ಕೊಡಿಸಿದ ನಾಲ್ಕು ಜಿಬಿ

ಮೊನ್ನೆ ಮೊಮ್ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಲು ಶಿವಮೊಗ್ಗದ ನೆಹರೂ ರಸ್ತೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಕೌಂಟರಿನ ಹುಡುಗ ಒಂದು ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿ, ‘512 ಜಿಬಿ ಮೆಮೊರಿ ಸರ್. ಕಣ್ಣು ಮುಚ್ಚಿಕೊಂಡು ತಗೊಂಡು ಹೋಗಿ’ ಎಂದ. ಆರು ವರ್ಷದ ಹಿಂದೆ ನಾನು ಹೀಗೆಯೇ ಕಣ್ಣು ಮುಚ್ಚಿಕೊಂಡು ಒಂದನ್ನು ತಂದಿದ್ದೆ. ಅದಕ್ಕೆ ಬೆಲೆ ತೆತ್ತವಳು ನನ್ನ ಪಕ್ಕದಲ್ಲೇ ನಿಂತಿದ್ದಳು.

2020ರ ಜುಲೈ ಅದು. ಶಾಲೆ ಮುಚ್ಚಿತ್ತು, ಪಾಠವೆಲ್ಲ ಆನ್‌ಲೈನ್. ಪುಟ್ಟಿ ಆಗ ಏಳನೇ ಕ್ಲಾಸು. ಮಗ, ಸೊಸೆ ಇಬ್ಬರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ ಅವಳಿಗೊಂದು ಲ್ಯಾಪ್‌ಟಾಪ್ ಬೇಕಾಯಿತು. ‘ನಾನು ಕೊಡಿಸುತ್ತೇನೆ’ ಎಂದು ಹೊರಟೆ. ಅಂಗಡಿಯಲ್ಲಿ ಒಂದೇ ರೂಪದ ಎರಡು ಲ್ಯಾಪ್‌ಟಾಪ್ ಇದ್ದವು. ಒಂದರಲ್ಲಿ 8 ಜಿಬಿ ರ‍್ಯಾಮ್, ಇನ್ನೊಂದರಲ್ಲಿ 4 ಜಿಬಿ. ಎರಡರಲ್ಲೂ 1 ಟಿಬಿ ಹಾರ್ಡ್ ಡಿಸ್ಕ್. ಬೆಲೆಯ ವ್ಯತ್ಯಾಸ 6,400 ರೂಪಾಯಿ. ಒಂದು ಟಿಬಿ ಎಂದರೆ ಸಾವಿರ ಜಿಬಿ. ಸಾವಿರ ಇದ್ದ ಮೇಲೆ ನಾಲ್ಕಾದರೇನು, ಎಂಟಾದರೇನು ಎಂದು ಲೆಕ್ಕ ಹಾಕಿ ಕಡಿಮೆಯದನ್ನೇ ತಂದೆ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದ ಬಿಕಾಂ ಪದವೀಧರ ನಾನು. ಉಳಿಸಿದ 6,400ರ ಬಗ್ಗೆ ಮನೆಯಲ್ಲಿ ಎರಡು ಸಲ ಹೇಳಿಕೊಂಡೆ.

ಮನೆಗೆ ಬಂದು ತೆರೆದರೆ ಒಂದು ಟಿಬಿ ಬದಲು 931 ಜಿಬಿ ತೋರಿಸುತ್ತಿತ್ತು. 69 ಜಿಬಿ ಖೋತಾ! ಮಾಸ್ಕ್ ಹಾಕಿಕೊಂಡು ಮರುದಿನವೇ ಅಂಗಡಿಗೆ ಹೋಗಿ ಜಗಳ ಮಾಡಿದೆ. ಖೋತಾ ಏನೂ ಆಗಿರಲಿಲ್ಲ. ಡಿಸ್ಕ್ ತಯಾರಿಸುವವರು ಕಿಲೋ ಎಂದರೆ 1000 ಎಂದು ಎಣಿಸುತ್ತಾರೆ, ವಿಂಡೋಸ್ 1024 ಎಂದು ಎಣಿಸುತ್ತದೆ. ಲಕ್ಷ ಕೋಟಿ ಬೈಟ್‌ಗಳನ್ನು ಮೂರು ಸಲ 1024ರಿಂದ ಭಾಗಿಸಿದರೆ ಸರಿಯಾಗಿ 931 ಬರುತ್ತದೆ. ಮಕ್ಕಳು ಕ್ಯಾಲ್ಕುಲೇಟರ್ ಹಿಡಿದು ನೋಡಬಹುದು. ಇಲ್ಲದ ತಪ್ಪನ್ನು ಹಿಡಿಯಲು ಹೋದ ನಾನು, ಇದ್ದ ತಪ್ಪನ್ನು ಮನೆಯ ಮೇಜಿನ ಮೇಲೆ ಇಟ್ಟು ಹೋಗಿದ್ದೆ.

ಆಗಸ್ಟಿನಲ್ಲಿ ಗಣಿತದ ಟೆಸ್ಟು. ವಿಡಿಯೋ ಕರೆಯಲ್ಲಿ ಟೀಚರ್ ನೋಡುತ್ತಿರಬೇಕು, ಇನ್ನೊಂದು ಕಿಟಕಿಯಲ್ಲಿ ಉತ್ತರ ತುಂಬಬೇಕು. ಮುಗಿಯಲು ಹತ್ತು ನಿಮಿಷ ಇರುವಾಗ ಪುಟ್ಟಿ ಕೂಗಿದಳು, ‘ಅಜ್ಜಾ, ಇದು ಬರೀ ತಿರುಗ್ತಾ ಇದೆ.’ ಪರದೆಯ ಮೇಲೆ ನೀಲಿ ಉಂಗುರವೊಂದು ಸುತ್ತುತ್ತಿತ್ತು. ಬಾಣದ ಗುರುತು ಅಲುಗಲಿಲ್ಲ. ಸಮಯ ಮುಗಿಯಿತು, ಉತ್ತರ ಹೋಗಲೇ ಇಲ್ಲ. ನಾನು ಆಡಿದ ಮಾತು ಈಗಲೂ ನೆನಪಿದೆ. ‘ಆಟದ ಪುಟ ತೆರೆದಿಟ್ಟುಕೊಂಡಿರ್ತೀಯ. ಏನೇನೋ ಒತ್ತಿರ್ತೀಯ. ಕೌಂಟರಿನಲ್ಲಿ ಕೂತು ಸಾವಿರ ನೆಪ ಕೇಳಿದವನು ನಾನು.’ ಅವಳು ಅತ್ತಳು. ಹೆಂಡತಿ, ‘ಮಗೂನ ಯಾಕ್ರೀ ಬೈತೀರಿ’ ಎಂದರೂ ನಾನು ಕೇಳಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ಎಷ್ಟು ಸಲ ನಿಂತರೂ ಅವಳು ನನ್ನನ್ನು ಕರೆಯಲಿಲ್ಲ. ತಾನೇ ಬಂದ್ ಮಾಡಿ ಮತ್ತೆ ಹಚ್ಚುತ್ತಿದ್ದಳು. ಹುಡುಗಿ ಜವಾಬ್ದಾರಿ ಕಲಿತಳು ಎಂದು ನಾನು ತಿಳಿದುಕೊಂಡೆ.

ಈ ವರ್ಷ ಪುಟ್ಟಿಗೆ ಬಿಸಿಎ ಸೀಟು ಸಿಕ್ಕಿತು. ‘ಹಳೇ ಲ್ಯಾಪ್‌ಟಾಪ್ ಸಾಲುವುದಿಲ್ಲವೇ?’ ಎಂದು ಕೇಳಿದೆ. ಅವಳು ಉತ್ತರ ಹೇಳಲಿಲ್ಲ. ಅದನ್ನು ತಂದು ನನ್ನೆದುರು ಇಟ್ಟು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ‘ಟಾಸ್ಕ್ ಮ್ಯಾನೇಜರ್’ ಎಂಬ ಪಟ್ಟಿ ತೆರೆಯಿತು. ಅದರಲ್ಲಿ ‘ಮೆಮೊರಿ’ ಎಂಬ ಕಾಲಂ ಇದೆ, ಶೇಕಡಾವಾರು ಲೆಕ್ಕ. ಇನ್ನೂ ಒಂದು ಕೆಲಸವನ್ನೂ ಶುರು ಮಾಡಿರಲಿಲ್ಲ, ಆಗಲೇ ಅಲ್ಲಿ 71 ಎಂದಿತ್ತು. ಬ್ರೌಸರ್ ತೆರೆದು ಇಮೇಲ್ ಹಾಕಿದಳು, 84. ಒಂದು ವಿಡಿಯೋ ಹಾಕಿದಳು, 96. ಪಕ್ಕದ ‘ಡಿಸ್ಕ್’ ಕಾಲಂ ಕೆಂಪಾಗಿ 100 ಎಂದಿತು. ನೀಲಿ ಉಂಗುರ ಬಂತು.

ಸ್ವಲ್ಪ ಹೊತ್ತು ಇಬ್ಬರೂ ಆ ಉಂಗುರವನ್ನೇ ನೋಡುತ್ತ ಕುಳಿತೆವು.

‘ಅವತ್ತು ಟೆಸ್ಟಿನ ದಿನ...’ ಎಂದೆ.

‘ಹೂಂ ಅಜ್ಜ.’

‘ನಿನ್ನ ತಪ್ಪಿರಲಿಲ್ಲ.’

‘ಗೊತ್ತು.’

‘ಗೊತ್ತಿದ್ದೂ ಹೇಳಲಿಲ್ಲವಲ್ಲೇ.’

‘ಹೇಳಿದ್ದೆ. ನೀನು ಕೇಳಲಿಲ್ಲ’ ಎಂದಳು. ಸಿಟ್ಟಿನಿಂದಲ್ಲ. ‘ಮಾರ್ಕ್ಸು ಹೋದದ್ದಕ್ಕೆ ಅಳು ಬಂದದ್ದಲ್ಲ ಅಜ್ಜ. ಸುಳ್ಳು ಹೇಳ್ತಿದೀನಿ ಅಂದ್ಯಲ್ಲ, ಅದಕ್ಕೆ.’

ಆ ರಾತ್ರಿ ನಿದ್ದೆ ಬರಲಿಲ್ಲ. ಈ ರ‍್ಯಾಮ್ ಎಂದರೇನೆಂದು ತಿಳಿಯದೆ ಇನ್ನೊಂದು ಲ್ಯಾಪ್‌ಟಾಪ್ ಕೊಳ್ಳಬಾರದು ಎಂದು ನಿಶ್ಚಯಿಸಿ ಮರುದಿನದಿಂದ ಪುಟ್ಟಿಯನ್ನೇ ಮೇಷ್ಟ್ರು ಮಾಡಿಕೊಂಡೆ. ಅರ್ಥವಾದದ್ದು ಮಾತ್ರ ನನ್ನ ಬ್ಯಾಂಕಿನ ಭಾಷೆಯಲ್ಲಿ.

ನಾನು 1974ರಲ್ಲಿ ಕೆಲಸಕ್ಕೆ ಸೇರಿದ್ದು ಮಲೆನಾಡಿನ ಒಂದು ಸಣ್ಣ ಶಾಖೆಗೆ. ಎಸ್‌ಬಿ ಖಾತೆಗಳ ಲೆಡ್ಜರುಗಳು ಗೋಡೆಯ ರ‍್ಯಾಕಿನಲ್ಲಿ ಇರುತ್ತಿದ್ದವು. ಒಂದೊಂದೂ ಎರಡು ಕೈಯಲ್ಲಿ ಎತ್ತುವಷ್ಟು ಭಾರ. ಗಿರಾಕಿ ಹಣ ತೆಗೆಯುವ ಚೀಟಿ ಕೊಟ್ಟು ಹಿತ್ತಾಳೆ ಟೋಕನ್ ಹಿಡಿದು ಕೂರುತ್ತಿದ್ದ. ನಾನು ಅವನ ಲೆಡ್ಜರ್ ತಂದು, ಪುಟ ಹುಡುಕಿ, ಬಾಕಿ ನೋಡಿ, ಖರ್ಚು ಬರೆದು, ಸಹಿ ಹಾಕಿ ಅಧಿಕಾರಿಗೆ ದಾಟಿಸಬೇಕು. ನನ್ನ ಮೇಜಿನ ಮೇಲೆ ತೆರೆದಿಡಲು ಜಾಗವಿದ್ದದ್ದು ಎರಡೇ ಲೆಡ್ಜರಿಗೆ. ಮೂರನೆಯದು ಬೇಕೆಂದರೆ ಮೊದಲಿನದನ್ನು ಮುಚ್ಚಿ ರ‍್ಯಾಕಿಗೆ ಒಯ್ದಿಟ್ಟು ಬರಬೇಕು.

ಬೇರೆ ದಿನ ಅದು ತೊಂದರೆ ಎನಿಸುತ್ತಿರಲಿಲ್ಲ. ಸಂತೆಯ ದಿನ ಮಾತ್ರ ಆರೂ ಲೆಡ್ಜರಿನ ಗಿರಾಕಿಗಳು ಒಟ್ಟಿಗೆ ಬರುತ್ತಿದ್ದರು. ಬರೆಯುವುದಕ್ಕಿಂತ ಓಡಾಡಿದ್ದೇ ಹೆಚ್ಚು. ನಾನು ಕೆಲಸ ಕದಿಯುತ್ತಿದ್ದೇನೆ ಎಂದು ಗಿರಾಕಿಗಳಿಗೆ ಅನುಮಾನ. ಒಬ್ಬ ಹಿರಿಯರು, ‘ಏನ್ ಮಾರಾಯ, ಅಡಿಕೆ ಒಣಗೋದ್ರೊಳಗೆ ದುಡ್ಡು ಕೊಡ್ತೀಯಾ?’ ಎಂದು ಎಲ್ಲರೆದುರು ಕೇಳಿದ್ದರು. ಆಮೇಲೆ ಬಂದ ಮ್ಯಾನೇಜರು ಒಂದು ವಾರ ಸುಮ್ಮನೆ ನೋಡಿ, ಉದ್ದನೆಯ ಮೇಜೊಂದನ್ನು ಹಾಕಿಸಿದರು. ಆರೂ ಲೆಡ್ಜರ್ ಸಾಲಾಗಿ ತೆರೆದಿರುವಷ್ಟು ಉದ್ದ. ಗುಮಾಸ್ತ ಅವನೇ, ಪೆನ್ನು ಅದೇ. ಸಂತೆ ದಿನದ ಸಾಲು ಅರ್ಧ ಗಂಟೆ ಬೇಗ ಕರಗತೊಡಗಿತು.

ರ‍್ಯಾಮ್ ಎಂದರೆ ಆ ಮೇಜು. ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಎಂದರೆ ರ‍್ಯಾಕು. ಪ್ರೊಸೆಸರ್ ಗುಮಾಸ್ತ. ಅಂಗಡಿಯವರು 512 ಜಿಬಿ, 1 ಟಿಬಿ ಎಂದು ಕೂಗುವುದು ರ‍್ಯಾಕಿನ ಅಳತೆ. ಮೇಜಿನ ಅಳತೆ 4, 8, 16, 32 ಎಂಬ ಸಣ್ಣ ಅಂಕಿಯಲ್ಲಿ ಇರುತ್ತದೆ. ಎರಡನ್ನೂ ಜಿಬಿಯಲ್ಲೇ ಅಳೆಯುವುದರಿಂದ ನನ್ನಂಥವರು ಮೋಸಹೋಗುತ್ತಾರೆ. ಮೇಜು ತುಂಬಿದಾಗ ಯಂತ್ರ ಕೆಲಸ ನಿಲ್ಲಿಸುವುದಿಲ್ಲ, ಸದ್ಯಕ್ಕೆ ಬೇಡವಾದದ್ದನ್ನು ಡಿಸ್ಕಿಗೆ ಒಯ್ದಿಟ್ಟು ಬೇಕಾದದ್ದನ್ನು ತರುತ್ತದೆ. ಪುಟ್ಟಿಯ ಟೆಸ್ಟಿನ ದಿನ ನಡೆದದ್ದು ಅದೇ. ಅದರಲ್ಲಿದ್ದದ್ದು ಹಳೆಯ ಕಾಲದ ತಿರುಗುವ ಡಿಸ್ಕು ಬೇರೆ, ರ‍್ಯಾಕು ಅಟ್ಟದ ಮೇಲಿದ್ದ ಹಾಗೆ. ಈಗಿನ ಎಸ್‌ಎಸ್‌ಡಿ ಎಷ್ಟೋ ವೇಗ, ಆದರೂ ಅದು ರ‍್ಯಾಕೇ. ‘ಎಸ್‌ಎಸ್‌ಡಿ ಇದೆ, ರ‍್ಯಾಮ್ ಕಡಿಮೆ ಇದ್ದರೆ ನಡೆಯುತ್ತೆ’ ಎಂಬ ಮಾತನ್ನು ಪೂರ್ತಿ ನಂಬಬೇಡಿ.

ಇನ್ನೊಂದು ವ್ಯತ್ಯಾಸವಿದೆ. ರ‍್ಯಾಕಿನದು ಕರೆಂಟು ಹೋದರೂ ಉಳಿಯುತ್ತದೆ, ಮೇಜಿನದು ಉಳಿಯುವುದಿಲ್ಲ. ಇಂದಿನ ರ‍್ಯಾಮ್‌ನ ವಿನ್ಯಾಸವನ್ನು 1966ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬವರು ಯೋಚಿಸಿದರು. ಒಂದೊಂದು ಬಿಟ್ಟಿಗೂ ಒಂದು ಟ್ರಾನ್ಸಿಸ್ಟರ್, ವಿದ್ಯುತ್ತನ್ನು ಹಿಡಿದಿಡುವ ಒಂದು ಪುಟ್ಟ ಕೆಪಾಸಿಟರ್, ಅಷ್ಟೇ. ಆ ಕೆಪಾಸಿಟರ್ ಸೋರುವ ಕೊಡ ಇದ್ದ ಹಾಗೆ. ಅದಕ್ಕೆ ಸೆಕೆಂಡಿಗೆ ಹದಿನೈದು ಸಲವಾದರೂ ಓದಿ ಮತ್ತೆ ತುಂಬುತ್ತಲೇ ಇರಬೇಕು. ಕರೆಂಟು ಹೋದರೆ ತುಂಬುವವರಿಲ್ಲ, ಕೊಡ ಖಾಲಿ. ಬರೆದದ್ದನ್ನು ಆಗಾಗ ‘ಸೇವ್’ ಮಾಡಿ ಎಂದು ಮೇಷ್ಟ್ರುಗಳು ಹೇಳುವುದು ಇದಕ್ಕೇ.

‘ನಮ್ಮ ಕಾಲದಲ್ಲಿ ಇಷ್ಟೆಲ್ಲ ಎಲ್ಲಿತ್ತು?’ ಎಂದು ನನ್ನ ವಯಸ್ಸಿನವರು ಕೇಳಬಹುದು. ಇರಲಿಲ್ಲ, ನಿಜ. ಎಂಬತ್ತರ ದಶಕದ ಕೊನೆಗೆ ಬ್ಯಾಂಕುಗಳಿಗೆ ಲೆಡ್ಜರ್ ಬರೆಯುವ ಯಂತ್ರಗಳು ಬಂದವು. ಆಗಿನ ಡಾಸ್ ಗಣಕಗಳಲ್ಲಿ ಪ್ರೋಗ್ರಾಮುಗಳಿಗೆ ಸಿಗುತ್ತಿದ್ದ ಮೇಜು 640 ಕಿಲೋಬೈಟ್. 16 ಜಿಬಿ ಎಂದರೆ ಅದರ 26 ಸಾವಿರ ಪಟ್ಟಿಗೂ ಹೆಚ್ಚು! ಹಾಗಾದರೆ ನಮ್ಮ ಮೊಮ್ಮಕ್ಕಳು 26 ಸಾವಿರ ಪಟ್ಟು ಕೆಲಸ ಮಾಡುತ್ತಾರೆಯೇ ಎಂದು ನಾನೂ ಕೇಳಿದೆ. ಪುಟ್ಟಿ ಒಂದು ಲೆಕ್ಕ ಕೊಟ್ಟಳು. ‘ಅಜ್ಜ’ ಎಂದು ಕನ್ನಡದಲ್ಲಿ ಬರೆದರೆ ಕಂಪ್ಯೂಟರಿಗೆ ಅದು ಅ, ಜ, ಅರ್ಧಾಕ್ಷರದ ಗುರುತು, ಇನ್ನೊಂದು ಜ. ಒಂದೊಂದಕ್ಕೆ 3 ಬೈಟ್, ಒಟ್ಟು 12. ಇದೇ ಅಜ್ಜನ ಫೋಟೋ ಪರದೆಯ ತುಂಬ ಕಾಣಬೇಕಾದರೆ? ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು, ಒಂದೊಂದು ಚುಕ್ಕಿಗೆ 4 ಬೈಟ್. ಗುಣಿಸಿದರೆ 82,94,400 ಬೈಟ್. ನಮ್ಮ ಕಾಲದ ಹನ್ನೆರಡು ಯಂತ್ರ ಸೇರಿಸಿದರೂ ಆ ಒಂದು ಚಿತ್ರ ಹಿಡಿಸದು. ವಿಡಿಯೋದಲ್ಲಿ ಅಂಥ ಚಿತ್ರಗಳು ಸೆಕೆಂಡಿಗೆ ಇಪ್ಪತ್ತೈದು, ಮೂವತ್ತು. ನಾವು ಅಕ್ಷರ, ಅಂಕಿಗಳ ಕಾಲದವರು. ಇವರದು ಚಿತ್ರಗಳ ಕಾಲ.

ಹಾಗಾದರೆ ಎಷ್ಟು ಕೊಳ್ಳಬೇಕು? ವಿಂಡೋಸ್ 11ಕ್ಕೆ ಕಂಪನಿಯೇ ಹೇಳುವ ಕನಿಷ್ಠ 4 ಜಿಬಿ. ಈ ಕನಿಷ್ಠ ಎಂಬುದು ಬ್ಯಾಂಕಿನ ಮಿನಿಮಮ್ ಬ್ಯಾಲೆನ್ಸ್ ಇದ್ದಂತೆ. ಅಷ್ಟಿದ್ದರೆ ದಂಡ ಬೀಳುವುದಿಲ್ಲ, ಸಂಸಾರವೂ ನಡೆಯುವುದಿಲ್ಲ. ವಿಂಡೋಸ್ ಲ್ಯಾಪ್‌ಟಾಪಿಗೆ 4 ಜಿಬಿ ಈಗ ಯಾರೂ ಕೊಳ್ಳಬೇಡಿ, ಎಷ್ಟು ಅಗ್ಗಕ್ಕೆ ಕೊಟ್ಟರೂ. ನನ್ನಂಥವರಿಗೆ, ಅಂದರೆ ಇಮೇಲ್, ಪಿಂಚಣಿ ಸ್ಲಿಪ್ಪು, ಪೇಪರು, ಮಗಳೊಂದಿಗೆ ವಿಡಿಯೋ ಕರೆ, ಇಷ್ಟಕ್ಕೆ 8 ಸಾಕು. ಹೈಸ್ಕೂಲ್ ಮಕ್ಕಳಿಗೂ 8ರಲ್ಲಿ ನಡೆಯುತ್ತದೆ, ಆದರೆ ಮುಂದೆ ಹೆಚ್ಚಿಸಲು ಅವಕಾಶವಿರಬೇಕು. ಕಾಲೇಜಿಗೆ ಹೋಗುವವರು, ಅದರಲ್ಲೂ ಪ್ರೋಗ್ರಾಮ್ ಬರೆಯಲು ಕಲಿಯುವವರು 16 ನೋಡಬೇಕು. ಪುಟ್ಟಿಯ ಕಾಲೇಜಿನವರು ಕೊಟ್ಟ ಪಟ್ಟಿಯಲ್ಲಿ ಆಂಡ್ರಾಯ್ಡ್ ಸ್ಟುಡಿಯೋ ಎಂಬ ಹೆಸರಿತ್ತು. ಮೊಬೈಲ್ ಆ್ಯಪ್ ಮಾಡುವ ಸಲಕರಣೆ ಅದು. ಅದರಲ್ಲಿ ಲ್ಯಾಪ್‌ಟಾಪಿನೊಳಗೇ ಒಂದು ನಕಲಿ ಫೋನು ಓಡಿಸಿ ನೋಡಬಹುದು. ಹಾಗೆ ಓಡಿಸಲು ಗೂಗಲ್ ಹೇಳುವುದೇ 16 ಜಿಬಿ. 32 ಬೇಕಾಗುವುದು ದೊಡ್ಡ ವಿಡಿಯೋ ಎಡಿಟಿಂಗ್, ಮೂರು ಆಯಾಮದ ಚಿತ್ರ, ಒಂದು ಗಣಕದೊಳಗೆ ಎರಡು ಮೂರು ಗಣಕ ಓಡಿಸುವುದು, ಇಂಥ ಕೆಲಸದವರಿಗೆ.

ಇದಕ್ಕಿಂತಲೂ ಮುಖ್ಯವಾದ ಪ್ರಶ್ನೆ, ಮೇಜನ್ನು ಆಮೇಲೆ ಉದ್ದ ಮಾಡಬಹುದೇ ಎಂಬುದು. ಕೆಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಒಂದು ಪಟ್ಟಿಯ ರೂಪದಲ್ಲಿ ಖಾಚಿನಲ್ಲಿ ಸಿಕ್ಕಿಸಿರುತ್ತದೆ. ತೆಗೆದು ದೊಡ್ಡದು ಹಾಕಬಹುದು, ಪಕ್ಕದ ಖಾಲಿ ಸ್ಲಾಟಿಗೆ ಇನ್ನೊಂದು ಸೇರಿಸಬಹುದು. ತೆಳ್ಳಗಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಅದು ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಆಪಲ್‌ನ ಈಗಿನ ಮ್ಯಾಕ್‌ಬುಕ್‌ಗಳಲ್ಲಂತೂ ಮುಖ್ಯ ಚಿಪ್ಪಿನ ಜೊತೆಯಲ್ಲೇ ಕೂತಿರುತ್ತದೆ. ಅಂಥವಕ್ಕೆ ಕೊಳ್ಳುವ ದಿನ ಎಷ್ಟು ಇತ್ತೋ ಕೊನೆಯವರೆಗೂ ಅಷ್ಟೇ. ನಾನು 2020ರಲ್ಲಿ ತಂದದ್ದೂ ಬೆಸುಗೆಯದೇ. ಡೆಮೋ ಲ್ಯಾಪ್‌ಟಾಪಿನಲ್ಲಿ ಅದೇ ಮೂರು ಕೀಲಿ ಒತ್ತಿ, ‘ಪರ್ಫಾರ್ಮೆನ್ಸ್’ನಲ್ಲಿ ‘ಮೆಮೊರಿ’ ನೋಡಿದರೆ ‘ಫಾರ್ಮ್ ಫ್ಯಾಕ್ಟರ್’ ಎಂಬ ಸಾಲಿರುತ್ತದೆ. ಅಲ್ಲಿ ‘ಸೋಡಿಮ್’ ಎಂದಿದ್ದರೆ ಸಿಕ್ಕಿಸಿದ್ದು, ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸುಗೆಯದು. ಅನುಮಾನವಿದ್ದರೆ ಕಂಪನಿಯ ವಿವರಪಟ್ಟಿಯಲ್ಲಿ ಮಾದರಿ ಸಂಖ್ಯೆ ಹಾಕಿ ನೋಡಿಕೊಳ್ಳಿ. ಅಂಗಡಿಯ ಹುಡುಗನ ಬಾಯಿಮಾತು ಬೇಡ.

ಮನೆಯಲ್ಲಿ ಹಳೆಯದೊಂದಿದ್ದರೆ ಮೊದಲು ಅದರ ಲೆಕ್ಕ ತೆಗೆಯಿರಿ. ಸಂತೆಯ ದಿನದ ಲೆಕ್ಕ ಬೇಕು, ಅಂದರೆ ನೀವು ಒಟ್ಟಿಗೆ ತೆರೆಯುವುದನ್ನೆಲ್ಲ ತೆರೆದಿಟ್ಟು ಮೆಮೊರಿ ಶೇಕಡಾ ಎಷ್ಟಿದೆ ನೋಡಬೇಕು. ತೊಂಬತ್ತರ ಮೇಲೇ ನಿಂತಿದ್ದರೆ ಮೇಜು ಸಾಲದು. ಐವತ್ತು, ಅರವತ್ತು ಎಂದಿದ್ದರೆ ಹೆದರಬೇಡಿ. ಮೇಜು ದೊಡ್ಡದಿದ್ದಷ್ಟೂ ಗುಮಾಸ್ತ ಹರಡಿಕೊಂಡು ಕೂರುತ್ತಾನೆ. ವಿಂಡೋಸೂ ಹಾಗೆಯೇ, ಖಾಲಿ ಜಾಗ ಕಂಡರೆ ಮುಂದೆ ಬೇಕಾಗಬಹುದಾದದ್ದನ್ನೂ ತಂದಿಟ್ಟುಕೊಳ್ಳುತ್ತದೆ.

ಅಂಗಡಿಗೆ ಬರೋಣ. ಎದುರಿಗೆ ಎರಡಿದ್ದವು. ಒಂದು 8 ಜಿಬಿ ಬೆಸುಗೆ, 1 ಟಿಬಿ ಎಸ್‌ಎಸ್‌ಡಿ. ಇನ್ನೊಂದು 16 ಜಿಬಿಯ ಒಂದೇ ಪಟ್ಟಿ, ಪಕ್ಕದಲ್ಲಿ ಒಂದು ಸ್ಲಾಟು ಖಾಲಿ, 512 ಜಿಬಿ ಎಸ್‌ಎಸ್‌ಡಿ. ಎರಡನೆಯದು ಹತ್ತು ಸಾವಿರದಷ್ಟು ಹೆಚ್ಚು. 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಜೋರಾಗಿ ಏರಿದೆ. ಕೃತಕ ಬುದ್ಧಿಮತ್ತೆಯ ದೊಡ್ಡ ಡೇಟಾ ಸೆಂಟರುಗಳಿಗೆ ಚಿಪ್ಪು ಸಾಲದೆ, ತಯಾರಕರು ಅತ್ತ ತಿರುಗಿದ್ದಾರೆ. ಜಗತ್ತಿನ ಬಹುಪಾಲು ರ‍್ಯಾಮ್ ಮಾಡುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿ. ಮೂವರು ಮಾರುವ ಸಂತೆಯಲ್ಲಿ ದೊಡ್ಡ ಗಿರಾಕಿ ಬಂದರೆ ಸಣ್ಣ ಗಿರಾಕಿಗೆ ದರ ಏರುವುದು ಅಡಿಕೆ ಮಂಡಿ ಕಂಡವರಿಗೆ ಹೇಳಬೇಕಾಗಿಲ್ಲ.

ನಾನು ಹುಡುಗನನ್ನು ಕೇಳಿದೆ, ‘32 ಜಿಬಿಯದು ತೋರಿಸಪ್ಪ.’

ಪುಟ್ಟಿ ನನ್ನ ತೋಳು ಹಿಡಿದಳು. ‘32 ಯಾಕೆ ಅಜ್ಜ? ಆರು ಲೆಡ್ಜರಿಗೆ ಮದುವೆ ಮನೆ ಪಂಕ್ತಿಯಷ್ಟು ಉದ್ದ ಮೇಜು ಹಾಕಿಸ್ತೀಯಾ?’

‘ಎಫ್‌ಡಿ ಮುರಿಸಿ ಆಗಿದೆ. ದುಡ್ಡಿದೆ.’

‘ದುಡ್ಡಿದೆ ಅಂತಲ್ಲ ನೀನು ಕೇಳ್ತಿರೋದು’ ಎಂದಳು. ಹದಿನೆಂಟು ವರ್ಷದವಳಿಗೆ ಇಷ್ಟೆಲ್ಲ ಹೇಗೆ ತಿಳಿಯುತ್ತದೋ. ಆಮೇಲೆ ಮೆಲ್ಲಗೆ, ‘16 ಸಾಕು. ಒಂದು ಸ್ಲಾಟು ಖಾಲಿ ಇದೆಯಲ್ಲ. ಕೊನೇ ವರ್ಷ ಬೇಕಾದ್ರೆ ಹಾಕ್ಸೋಣ’ ಎಂದಳು. ‘ಹಾಕ್ಸೋಣ’ ಎಂಬ ಮಾತಿನಲ್ಲಿ ನಾನೂ ಇದ್ದೆ. 16ರದನ್ನೇ ತಂದೆವು. ಅದು ಡಿಡಿಆರ್ 5 ಎಂದು ಬಿಲ್ಲಿನ ಹಿಂದೆ ಬರೆದಿಟ್ಟುಕೊಂಡಿದ್ದೇನೆ. ಆ ಸ್ಲಾಟಿಗೆ ಡಿಡಿಆರ್ 4 ಪಟ್ಟಿ ಕೂರುವುದಿಲ್ಲ.

ಮನೆಗೆ ಬಂದು ತೆರೆದರೆ ‘16.0 ಜಿಬಿ, 15.7 ಬಳಕೆಗೆ’ ಎಂದಿತ್ತು. ಮತ್ತೆ ಖೋತಾ! ಹಳೆಯ ರೋಗ, ಟ್ಯಾಲಿ ಆಗದಿದ್ದರೆ ನನಗೆ ಊಟ ಸೇರುವುದಿಲ್ಲ. ಈ ಸಲ ಅಂಗಡಿಗೆ ಹೋಗಲಿಲ್ಲ, ಪುಟ್ಟಿಯನ್ನು ಕರೆದೆ. ಪರದೆಗೆ ಚಿತ್ರ ಬಿಡಿಸುವ ಭಾಗಕ್ಕೆ ಇದರಲ್ಲಿ ಬೇರೆ ಮೆಮೊರಿ ಇಲ್ಲ, ಇದೇ ಮೇಜಿನಲ್ಲಿ ಒಂದು ಮೂಲೆಯನ್ನು ಅದಕ್ಕೆಂದು ಕಾದಿರಿಸುತ್ತಾರೆ ಎಂದು ತೋರಿಸಿದಳು. ಲೆಕ್ಕ ಟ್ಯಾಲಿ ಆಯಿತು.

ಹಳೆಯ ಲ್ಯಾಪ್‌ಟಾಪನ್ನು ಎಸೆಯಲಿಲ್ಲ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪುಟ್ಟಿ ಅದನ್ನು ಅಳಿಸಿ, ಕಡಿಮೆ ಮೆಮೊರಿಯಲ್ಲಿ ಓಡುವ ಉಚಿತ ಲಿನಕ್ಸ್ ಹಾಕಿ, ತಿರುಗುವ ಡಿಸ್ಕ್ ತೆಗೆಸಿ ಸಣ್ಣ ಎಸ್‌ಎಸ್‌ಡಿ ಕೂರಿಸಿದ್ದಾಳೆ. ಈಗ ಅದು ಅವಳ ಅಜ್ಜಿಯದು. ಅಜ್ಜಿ ಮಧ್ಯಾಹ್ನ ಅದರಲ್ಲಿ ಯಕ್ಷಗಾನ ನೋಡುತ್ತಾಳೆ. ನಡುವೆ ಹಲಸಿನ ಹಪ್ಪಳ ಮಾಡುವ ವಿಡಿಯೋವನ್ನೂ ತೆರೆದು ಬಿಡುತ್ತಾಳೆ. ಭಾಗವತರ ಹಾಡು ತೊದಲತೊಡಗಿದ ಕೂಡಲೇ ಒಳಗಿನ ಕೋಣೆಯಿಂದ ಪುಟ್ಟಿಯ ಕೂಗು ಕೇಳುತ್ತದೆ, ‘ಅಜ್ಜೀ, ಒಂದು ಸಲಕ್ಕೆ ಒಂದೇ ಲೆಡ್ಜರ್!’